ದುಃಖಕ್ಕೆ ಮಾತ್ರೆ ಉಂಟೇ?

(ಅಮರಾಪುರದಲ್ಲಿ ಕೂಲಿಕಾರ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಮಡಕಶಿರಾ ಸೀಮೆಯಲ್ಲಿ ದುಃಖವಾಗಿದೆಯೆಂದು ಹೇಳಿಕೊಂಡು ಯಾರೂ ಡಾಕ್ಟರ ಬಳಿಗೆ ಹೋಗುವುದಿಲ್ಲ. ತಲೆಭಾರ, ಎದೆಯುರಿ, ಕೈಕಾಲು ಸೆಳೆತ ಎನ್ನುತ್ತೇವೆ. ಒಂದು ಸೂಜಿ, ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಬರುತ್ತೇವೆ. ದುಡ್ಡು ಹೋಗುತ್ತದೆ, ಭಾರ ಹಾಗೆಯೇ ಉಳಿಯುತ್ತದೆ. ಹಾಗಾದರೆ ದುಃಖ, ಭಯ, ಸಿಟ್ಟು ಇವು ಕಾಯಿಲೆಗಳೇ?

ಎಲ್ಲವೂ ಅಲ್ಲ. ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿದಾಗ, ಬೋರಿನಲ್ಲಿ ಬರೀ ಧೂಳು ಬಂದಾಗ ಮನಸ್ಸು ಕುಗ್ಗುವುದು ಸಹಜ. ದುಡಿಸಿಕೊಂಡು ಕೂಲಿ ಕೊಡದವನ ಮೇಲೆ ಬರುವ ಸಿಟ್ಟು ರೋಗವಲ್ಲ. ಅದಕ್ಕೆ ಮಾತ್ರೆ ನುಂಗಿದರೆ ಕೂಲಿ ಕೈಗೆ ಬರುವುದಿಲ್ಲ.

ಗೆರೆ ಎಲ್ಲಿ ಎಳೆಯಬೇಕೆಂಬುದು ದೊಡ್ಡ ವೈದ್ಯರಿಗೂ ಕಷ್ಟ. ಆಪ್ತರು ಸತ್ತ ಮೊದಲ ಎರಡು ತಿಂಗಳ ದುಃಖವನ್ನು ಸಾಮಾನ್ಯವಾಗಿ ಖಿನ್ನತೆಯ ಕಾಯಿಲೆಯೆಂದು ಎಣಿಸಬಾರದೆಂದು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಒಂದು ವಿನಾಯಿತಿ ಇತ್ತು. 2013ರಲ್ಲಿ ಅದನ್ನು ತೆಗೆದರು. 2022ರಲ್ಲಿ, ವರ್ಷ ಕಳೆದರೂ ಬದುಕಲು ಬಿಡದಂತೆ ಕಾಡುವ ದುಃಖವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದರು. ಇದರ ಮೇಲೆ ಅವರಲ್ಲೇ ಬಹಳ ವಾದ ನಡೆಯಿತು. ನಮ್ಮ ಊರುಗಳಲ್ಲಿ ಸಾವಿನ ಮನೆಗೆ ನೆರೆಯವರು ಅನ್ನ ತಂದು ಕೊಡುತ್ತಾರೆ. ಅನೇಕ ದುಃಖಗಳಿಗೆ ಅದೇ ಮದ್ದು.

ಆದರೆ ನನ್ನ ತಪ್ಪನ್ನೂ ಹೇಳಬೇಕು. ಬೆಳೆ ಹೋದ ವರ್ಷ ನಮ್ಮಣ್ಣ ಮಾತು ಬಿಟ್ಟ. ಊಟ ಬಿಟ್ಟ. ಬೆಳಗಿನ ಜಾವ ಮೂರಕ್ಕೇ ಎದ್ದು ಕೂರುತ್ತಿದ್ದ. "ಧೈರ್ಯ ತಗೋ ಅಣ್ಣಾ, ಎಲ್ಲರಿಗೂ ಸಾಲ ಇದೆ" ಎಂದು ನಾನು ದಿನವೂ ಉಪದೇಶ ಮಾಡಿದೆ. ಮುಂದಿನ ವರ್ಷ ಮಳೆ ಬಂತು, ಸಾಲವೂ ಅರ್ಧ ತೀರಿತು. ಅವನು ಮಾತ್ರ ಎದ್ದು ಬರಲಿಲ್ಲ. ಒಂದು ರಾತ್ರಿ, "ನಾನಿಲ್ಲದಿದ್ದರೆ ನಿಮಗೆ ಸುಖ" ಎಂದ. ಆಗ ನನಗೆ ಕಣ್ಣು ತೆರೆಯಿತು. ಡಾಕ್ಟರು ಕೊಟ್ಟ ಮಾತ್ರೆ ಗುಣ ತೋರಿಸಲು ಮೂರು ವಾರ ಹಿಡಿಯಿತು. ಆಮೇಲೆ ಅವನಾಗಿಯೇ ಹೊಲದ ಕಡೆ ಹೊರಟ.

ಆದ್ದರಿಂದ ಮೂರು ಮಾತು ಕೇಳಿಕೊಳ್ಳಿ. ಕಾರಣ ನೀಗಿದರೂ ದುಃಖ ಉಳಿದಿದೆಯೇ? ಎರಡು ವಾರ ದಾಟಿದರೂ ಊಟ, ನಿದ್ದೆ, ಕೆಲಸ ಕೆಟ್ಟಿವೆಯೇ? ಸಾವಿನ ಮಾತು ಬರುತ್ತಿದೆಯೇ? ಮೂರರಲ್ಲಿ ಒಂದಕ್ಕೆ ಹೌದೆಂದರೂ ವೈದ್ಯರಿಗೆ ತೋರಿಸಿ. ಸಾವಿನ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿರುವ ಕ್ರಿಮಿನಾಶಕವನ್ನು ಬೇರೆಡೆಗೆ ಸಾಗಿಸಿ. ಕೊಟ್ಟ ಮಾತ್ರೆಯನ್ನು ನಾಲ್ಕು ದಿನಕ್ಕೆ ನಿಲ್ಲಿಸಬೇಡಿ.

ಇದಕ್ಕೆ ದೊಡ್ಡ ಪಟ್ಟಣವೇ ಬೇಕೆಂದಿಲ್ಲ. ರಾಯದುರ್ಗದ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲೇ ಬೆಂಗಳೂರಿನ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಇದನ್ನು ಮಾಡಿ ತೋರಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರಿಂದ 14416 ಎಂಬ ಉಚಿತ ದೂರವಾಣಿ ಇದೆ. ಅಲ್ಲಿ ತೆಲುಗಿನಲ್ಲೂ ಮಾತಾಡಬಹುದು, ನಮ್ಮ ಮನೆಮಾತು ಕನ್ನಡದಲ್ಲೂ ಮಾತಾಡಬಹುದು.

ಸಾಲಕ್ಕೆ ಮಾತ್ರೆ ಮದ್ದಲ್ಲ. ಕಾಯಿಲೆಗೆ ಉಪದೇಶ ಮದ್ದಲ್ಲ. ನಿಮ್ಮ ಜೊತೆಗಾರ ಕುಗ್ಗಿ ಕೂತಿದ್ದರೆ ಒಂದು ದಿನ ಅವನ ಜೊತೆ ಬ್ಯಾಂಕಿಗೆ ಹೋಗಿ, ಇನ್ನೊಂದು ದಿನ ಆಸ್ಪತ್ರೆಗೆ ಹೋಗಿ. ಎರಡು ದಿನದ ಕೂಲಿ ಹೋದೀತು. ಒಬ್ಬ ಮನುಷ್ಯ ಉಳಿದಾನು.