ಚದುರಂಗದಲ್ಲಿ ನಡುಮನೆಗಳ ಹೋರಾಟ



ಚದುರಂಗವು ನಮ್ಮ ನೆಲದ ಆಟ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದನ್ನೇ 64 ಮನೆಗಳಲ್ಲಿಯೂ ಒಮ್ಮೊಮ್ಮೆ ಮಾತ್ರ ನಡೆಸುವ ಬಂಧಗಳನ್ನು ರಚಿಸಿದ್ದರು. ಆ ಕುದುರೆ ಮೂಲೆಯಲ್ಲಿದ್ದರೆ ಎರಡೇ ಮನೆಗಳಿಗೆ ಹಾರಬಲ್ಲದು, ನಡುವಿನಲ್ಲಿದ್ದರೆ ಎಂಟಕ್ಕೆ. ನಡುವಿನ ನಾಲ್ಕು ಮನೆಗಳಿಗಾಗಿ ಮೊದಲ ನಡೆಯಿಂದಲೇ ಕಾದಾಟ ನಡೆಯುವುದು ಇದಕ್ಕಾಗಿಯೇ.

‘ಕಿಂಗ್ಸ್ ಗ್ಯಾಂಬಿಟ್’ ಎಂಬ ಉಗ್ರ ಆರಂಭವನ್ನು ನೋಡೋಣ. ಇಬ್ಬರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದ ಮೇಲೆ, ಬಿಳಿಯವನು ಪಕ್ಕದ ಒಂಟೆಯ ಮುಂದಿನ ಕಾಲಾಳನ್ನೂ ಎರಡು ಮನೆ ಮುಂದಿಟ್ಟು ಬಲಿಗೊಡ್ಡುತ್ತಾನೆ. ಕರಿಯವನ ಕಾಲಾಳು ಅದನ್ನು ಹೊಡೆದರೆ ನಡುವನ್ನು ಬಿಟ್ಟುಹೋದಂತೆ. ಬಿಳಿಯವನಿಗೆ ನಡುವೂ, ಮುಂದೆ ಆನೆಗೆ ದಾರಿಯೂ ದೊರೆಯುತ್ತವೆ; ಆದರೆ ಅವನ ರಾಜನ ಕಾವಲೂ ಕಳಚುತ್ತದೆ.

1851ರಲ್ಲಿ ಲಂಡನ್ನಿನಲ್ಲಿ ಆಂಡರ್ಸನ್ ಹೀಗೆಯೇ ಆರಂಭಿಸಿ, ಎರಡು ಆನೆ, ಒಂದು ಒಂಟೆ, ಕೊನೆಗೆ ಮಂತ್ರಿಯನ್ನೂ ಕೊಟ್ಟು, 23ನೆಯ ನಡೆಯಲ್ಲಿ ಕೀಸೆರಿಟ್ಸ್ಕಿಯನ್ನು ಸೋಲಿಸಿದನು. ಉಳಿದ ಎರಡು ಕುದುರೆ, ಒಂದು ಒಂಟೆ ಕೂಡಿ ರಾಜನನ್ನು ಕಟ್ಟಿಹಾಕಿದವು. ಕರಿಯವನ ಬಲ ಬಹುಪಾಲು ಅಂಚುಗಳಲ್ಲಿ ಚದುರಿತ್ತು.

ನಮ್ಮ ಬ್ರಹ್ಮಸಮುದ್ರದ ಸೀಮೆಯ ರೈತನು ಹದ ನೋಡದೆ ಶೇಂಗಾ ಬಿತ್ತುವನೆ? ಬೀಜವನ್ನು ಮಣ್ಣಿಗೆ ಕೊಡುವ ಧೈರ್ಯದ ಹಿಂದೆ ಲೆಕ್ಕವಿರುತ್ತದೆ. ಗಡಿನಾಡಿನಲ್ಲಿ ಕನ್ನಡದಲ್ಲಿ ಓದಿದ ಮಕ್ಕಳು ಅಂಚಿನಲ್ಲಿಯೇ ಉಳಿದಾರೆಂಬ ಅಳುಕು ನಮ್ಮಲ್ಲಿ ಅನೇಕರಿಗಿದೆ. ಮೂಲೆಯ ಆನೆಯೂ ಅಲ್ಲಿಯೇ ಉಳಿಯುವುದಿಲ್ಲ. ದಾರಿ ತೆರೆದರೆ ನಡುವನ್ನು ಆಳುತ್ತದೆ. ನಡೆಗಳನ್ನು ಬಾಯಿಪಾಠ ಮಾಡಿಸದೆ, ‘ಈ ನಡೆ ಏಕೆ?’ ಎಂದು ತಮ್ಮ ಭಾಷೆಯಲ್ಲಿಯೇ ಕೇಳಲು ಮಕ್ಕಳಿಗೆ ಕಲಿಸೋಣ. ದಾರಿ ತೆರೆಯುವ ಬಗೆ ಅದು.