ಸುಟ್ಟುಹೋದ ಆ್ಯಂಪ್ ಜಾಗಕ್ಕೆ ಯಾವುದು?

ನೋಯ್ಡಾದಿಂದ ಮಾತಾಡ್ತಿದೀನಿ. ಆನ್‌ಸೈಟ್ ಮುಗಿಸಿ ಬರುವಾಗ ಅಮೆರಿಕದಿಂದ ಹೊತ್ತು ತಂದಿದ್ದ ಟ್ಯೂಬ್ ಆ್ಯಂಪ್ ಹೋಯ್ತು. ಅದು 120 ವೋಲ್ಟಿನದು. ಸ್ಟೆಪ್‌ಡೌನ್ ಮರೆತು ನೇರ ಗೋಡೆಯ 230ಕ್ಕೆ ಸಿಕ್ಕಿಸಿದೆ. ತಪ್ಪು ನಂದೇ. ನೀವು ತರೋ ಮುಂಚೆ ಹಿಂಭಾಗದಲ್ಲಿ ಬರೆದಿರೋ ವೋಲ್ಟೇಜ್ ಓದಿ.

ಈಗ ಬದಲಿಗೆ ಯಾವುದು? ಮಾರ್ಷಲ್ ಜೆಸಿಎಂ800ರ ಇಎಲ್34 ಟ್ಯೂಬ್ ದನಿಯಲ್ಲಿ ಮಿಡ್ಸ್ ಮುಂದೆ ಬರುತ್ತೆ, ಎರಡು ಗಿಟಾರ್ ಇರೋ ಬ್ಯಾಂಡಲ್ಲೂ ಕಳೆದುಹೋಗಲ್ಲ. ಮೆಸಾ ರೆಕ್ಟಿಫೈಯರಿನ 6ಎಲ್6 ದನಿ ದಪ್ಪ, ಡ್ರಾಪ್ ಟ್ಯೂನಿಂಗಿಗೆ ಹಬ್ಬ. ಆದ್ರೆ ಮನೇಲಿ ಒಬ್ಬರೇ ಕೇಳಿ ಮರುಳಾಗಬೇಡಿ, ಬಾಸ್ ಗಿಟಾರ್ ಸೇರಿದ ಮೇಲೆ ಅದೇ ದಪ್ಪ ಕಲಸಿಹೋಗಬಹುದು. 1992ರಲ್ಲಿ ಬಂದ ಪೀವಿ 5150ರಲ್ಲಿ ಗೇನ್ ಧಾರಾಳ, ಮೆಟಲ್‌ನವರಿಗೆ ಹೇಳಬೇಕಿಲ್ಲ.

ಇನ್ನು ವ್ಯಾಟ್. 100ಕ್ಕೂ 20ಕ್ಕೂ ವ್ಯತ್ಯಾಸ ಬರೀ 7 ಡೆಸಿಬೆಲ್. ಸೊಸೈಟಿ ಫ್ಲ್ಯಾಟಿಗೆ ಎರಡೂ ಜಾಸ್ತಿನೇ! ಹಾಗಂತ ಸ್ಪೀಕರ್ ಬಿಚ್ಚಿ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಲೋಡ್ ಬಾಕ್ಸ್ ಬೇಕು, ಓಮ್ಸ್ ಹೊಂದಬೇಕು.

ನನ್ನ ಮನಸ್ಸು ಡಿಎಸ್‌ಎಲ್20 ಕಡೆ. ಇಎಲ್34, 10 ವ್ಯಾಟಿಗೂ ಇಳಿಸಬಹುದು. ಶನಿವಾರ ಗುರುಗ್ರಾಮದ ಜ್ಯಾಮ್ ರೂಮಿಗೆ ನನ್ನದೇ ಗಿಟಾರ್ ಒಯ್ದು, ಡ್ರಮ್ಸ್ ಜೊತೆ ಕೇಳಿಯೇ ದುಡ್ಡು ಬಿಚ್ಚೋದು.