ಅಂಗಸಾಧನೆಯೂ ಅನ್ನದ ಲೆಕ್ಕವೂ

(ಸಂಘದ ತರುಣರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ತರುಣರಲ್ಲಿ ಇಬ್ಬರು ಈಚೆಗೆ ಈ ಊರಿನ ವ್ಯಾಯಾಮಶಾಲೆಗಳಲ್ಲಿ ತರಬೇತುದಾರರಾಗಿ ಸೇರಿದ್ದಾರೆ. ಇನ್ನೂ ಮೂರು ನಾಲ್ಕು ಮಂದಿ ಅದೇ ದಾರಿಯಲ್ಲಿದ್ದಾರೆಂದು ಕೇಳಿದ್ದೇನೆ. ಜಿಮ್ ಎನ್ನಿರಿ, ಗರಡಿಮನೆ ಎನ್ನಿರಿ, ಉದ್ಯೋಗ ಒಳ್ಳೆಯದೇ. ಆದರೆ ಅಲ್ಲಿಗೆ ಬರುವವರು ಭಾರ ಎತ್ತುವುದು ಹೇಗೆಂದು ಕೇಳಿ ಸುಮ್ಮನಾಗುವುದಿಲ್ಲ. ಏನು ತಿನ್ನಬೇಕೆಂದೂ ಕೇಳುತ್ತಾರೆ. ಆ ಪ್ರಶ್ನೆಗೆ ಕೊಟ್ಟ ಉತ್ತರ ಒಂದು ಮನೆಯ ಅಡಿಗೆಯನ್ನೇ ಬದಲಿಸಿಬಿಡುತ್ತದೆ. ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನು. ದೇಹದ್ದೂ ಜಮಾಖರ್ಚಿನ ವ್ಯವಹಾರವೇ ಅಲ್ಲವೆ ಎಂದು ಕಾರ್ಯದರ್ಶಿಗಳು ನನ್ನನ್ನು ಹಿಡಿದು ನಿಲ್ಲಿಸಿದ್ದಾರೆ.

ಕಳೆದ ವರ್ಷ ನಮ್ಮವನೇ ಆದ ಒಬ್ಬ ಹುಡುಗ, ಮೆಸ್ಸಿನಲ್ಲಿ ಊಟಮಾಡಿಕೊಂಡಿದ್ದವನು, ಯಾರದೋ ಮಾತು ಕೇಳಿ ಅನ್ನ ರೊಟ್ಟಿಗಳನ್ನು ಸಂಪೂರ್ಣ ಬಿಟ್ಟ. ಸಂಬಳದ ಐದನೆಯ ಒಂದು ಪಾಲು ಪ್ರೋಟೀನ್ ಪುಡಿಯ ಡಬ್ಬಿಗೆ ಹೋಯಿತು. ಮೊದಲ ವಾರದಲ್ಲೇ ಎರಡು ಕಿಲೋ ಇಳಿಯಿತೆಂದು ಹಿಗ್ಗಿದ. ಆರನೆಯ ವಾರ ಮೆಟ್ರೋ ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟು ಕುಳಿತುಬಿಟ್ಟ. ಈಗ ಚೆನ್ನಾಗಿದ್ದಾನೆ, ಅವನಿಗೆ ಏನಾಯಿತೆಂಬುದನ್ನು ವಿವರಿಸಿದರೆ ಈ ಶಾಸ್ತ್ರದ ಮುಕ್ಕಾಲು ಪಾಲು ಹೇಳಿದಂತಾಗುತ್ತದೆ.

ದೇಹಕ್ಕೆ ಶಕ್ತಿಯ ಮೂರು ಖಾತೆಗಳಿವೆ. ಮೊದಲನೆಯದು ಕೈಯಲ್ಲಿರುವ ನಗದು. ಸ್ನಾಯು ಅಲುಗಬೇಕಾದರೆ ಅದು ಒಪ್ಪಿಕೊಳ್ಳುವ ನಾಣ್ಯ ಒಂದೇ: ಅಡೆನೊಸಿನ್ ಟ್ರೈಫಾಸ್ಫೇಟ್, ಚಿಕ್ಕದಾಗಿ ಎ.ಟಿ.ಪಿ. ಇದನ್ನು ೧೯೨೯ರಲ್ಲಿ ಕಂಡುಹಿಡಿದವರಲ್ಲಿ ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರೆಂಬುದನ್ನು ನಾವು ಮರೆಯಬಾರದು. ಯಾವ ಕ್ಷಣದಲ್ಲಿ ನೋಡಿದರೂ ದೇಹದಲ್ಲಿ ಈ ನಾಣ್ಯ ನೂರು ಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಆದರೆ ಖರ್ಚಾದದ್ದೇ ಮತ್ತೆ ಮತ್ತೆ ಟಂಕಿತವಾಗಿ, ಒಂದು ದಿನದಲ್ಲಿ ಚಲಾವಣೆಯಾದದ್ದನ್ನೆಲ್ಲ ತೂಗಿದರೆ ಹೆಚ್ಚುಕಡಿಮೆ ಆ ಮನುಷ್ಯನ ತೂಕದಷ್ಟೇ ಆದೀತು. ಥಟ್ಟನೆ ಭಾರ ಎತ್ತುವಾಗ ಕ್ರಿಯಾಟಿನ್ ಫಾಸ್ಫೇಟ್ ಎಂಬುದು ಸುಮಾರು ಹತ್ತು ಸೆಕೆಂಡಿನವರೆಗೆ ಕೈಗಡ ಕೊಡುತ್ತದೆ. ಒಂದು ಸುತ್ತು ಎತ್ತಿದ ಮೇಲೆ ಎರಡು ಮೂರು ನಿಮಿಷ ಸುಧಾರಿಸಿಕೊಳ್ಳಬೇಕೆನ್ನುವುದು ಆ ಕೈಗಡವನ್ನು ತೀರಿಸುವುದಕ್ಕಾಗಿಯೇ, ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವುದಕ್ಕಲ್ಲ.

ಎರಡನೆಯದು ಚಾಲ್ತಿ ಖಾತೆ. ನಾವು ತಿಂದ ಅನ್ನ, ಮುದ್ದೆ, ಲೂಚಿ, ಮುರ್ಮುರಿ ಎಲ್ಲವೂ ಸಕ್ಕರೆಯಾಗಿ, ಹೆಚ್ಚಾದದ್ದು ಗ್ಲೈಕೋಜನ್ ರೂಪದಲ್ಲಿ ಯಕೃತ್ತಿನಲ್ಲಿ ೧೦೦ ಗ್ರಾಮಿನಷ್ಟು, ಸ್ನಾಯುಗಳಲ್ಲಿ ೪೦೦ ಗ್ರಾಮಿನಷ್ಟು ನಿಲ್ಲುತ್ತದೆ. ಒಂದು ಗ್ರಾಮು ಪಿಷ್ಟಕ್ಕೆ ೪ ಕ್ಯಾಲರಿಯಂತೆ ಒಟ್ಟು ೨,೦೦೦ ಕ್ಯಾಲರಿ. ಮೂರನೆಯದು ಮುದ್ದತು ಠೇವಣಿ, ಅಂದರೆ ಕೊಬ್ಬು. ಗ್ರಾಮಿಗೆ ೯ ಕ್ಯಾಲರಿ. ಸಾಮಾನ್ಯ ಮೈಕಟ್ಟಿನವನಲ್ಲಿಯೂ ಹತ್ತು ಕಿಲೋ ಇರುತ್ತದೆ. ಆದರೆ ಠೇವಣಿ ಮುರಿಸಲು ಹೊತ್ತು ಹಿಡಿಯುವ ಹಾಗೆ ಇದನ್ನು ಬಿಡಿಸಲೂ ಹೊತ್ತು ಬೇಕು, ಆಮ್ಲಜನಕ ಬೇಕು. ನಿಧಾನವಾದ ನಡಿಗೆಗೆ ಇದು ಸಾಕು. ಏದುಸಿರು ಬಿಡಿಸುವ ಓಟಕ್ಕೆ ಚಾಲ್ತಿ ಖಾತೆಯೇ ಬೇಕು.

ಈಗ ಆ ಹುಡುಗನ ಎರಡು ಕಿಲೋ ವಿಷಯ. ಪ್ರತಿಯೊಂದು ಗ್ರಾಮು ಗ್ಲೈಕೋಜನ್ ತನ್ನೊಡನೆ ಮೂರು ಗ್ರಾಮಿನಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಅದು ಕರಗಿ, ನೀರೂ ಹೊರಟುಹೋಗುತ್ತದೆ. ತಕ್ಕಡಿ ಎರಡು ಕಿಲೋ ಕಡಿಮೆ ತೋರಿಸಿತು ನಿಜ. ಆದರೆ ಅದರಲ್ಲಿ ಕೊಬ್ಬಿನ ಪಾಲು ಬಹಳ ಸ್ವಲ್ಪ. ಒಂದು ಕಿಲೋ ಮೈಕೊಬ್ಬು ಇಳಿಯಬೇಕಾದರೆ ೭,೭೦೦ ಕ್ಯಾಲರಿಯಷ್ಟು ಕೊರತೆ ಬೀಳಬೇಕು. ಮೇಜಿನ ಮುಂದೆ ಕುಳಿತು ದುಡಿಯುವ ೬೫ ಕಿಲೋ ತೂಕದ ಗಂಡಸಿನ ಇಡೀ ದಿನದ ಖರ್ಚೇ ೨,೧೦೦ ಕ್ಯಾಲರಿ. ಅದರಲ್ಲಿ ೧,೫೦೦ರ ಹತ್ತಿರ ಉಸಿರಾಟ, ಹೃದಯ, ಮಿದುಳುಗಳಿಗೆ ಮಲಗಿದ್ದರೂ ಬೇಕಾದದ್ದು. ಒಂದು ಗಂಟೆ ಬಿರುಸಾಗಿ ನಡೆದರೆ ೨೫೦ ಖರ್ಚಾದೀತು. ರಾಜ್ಯೋತ್ಸವದ ಊಟದಲ್ಲಿ ತುಪ್ಪ ಹಾಕಿದ ಎರಡು ಒಬ್ಬಟ್ಟು ಅದನ್ನು ಸಲೀಸಾಗಿ ಭರ್ತಿಮಾಡುತ್ತವೆ. ಅಂದಮೇಲೆ ದಿನಕ್ಕೆ ೪೦೦ರಿಂದ ೫೦೦ ಕ್ಯಾಲರಿ ತಗ್ಗಿಸಿ, ವಾರಕ್ಕೆ ಅರ್ಧ ಕಿಲೋಗಿಂತ ಕಡಿಮೆಯೇ ಇಳಿಯುವುದು ಪ್ರಾಮಾಣಿಕವಾದ ಲೆಕ್ಕ. ಇದಕ್ಕಿಂತ ಹೆಚ್ಚಿನ ಬಡ್ಡಿ ಕೊಡುತ್ತೇವೆನ್ನುವ ಕಂಪನಿಗಳನ್ನು ನಂಬಿ ಕೈಸುಟ್ಟುಕೊಂಡವರನ್ನು ಬ್ಯಾಂಕಿನಲ್ಲಿರುವ ನಾವು ದಿನವೂ ನೋಡುತ್ತೇವೆ.

ಇನ್ನು ಕಣ್ಣು ಕತ್ತಲಿಟ್ಟದ್ದು. ಆಮೇಲೆ ನಾವು ಅವನ ಊಟವನ್ನು ಕೂಡಿಸಿ ನೋಡಿದಾಗ ದಿನಕ್ಕೆ ೧,೨೦೦ ಕ್ಯಾಲರಿ ದಾಟಿರಲಿಲ್ಲ. ಅದರ ಮೇಲೆ ಸಂಜೆ ಒಂದೂವರೆ ಗಂಟೆ ಕಸರತ್ತು. ಮಿದುಳಿಗೇ ದಿನಕ್ಕೆ ೧೨೦ ಗ್ರಾಮಿನಷ್ಟು ಸಕ್ಕರೆ ಬೇಕು. ಪಿಷ್ಟ ಬರದಿದ್ದರೆ ಯಕೃತ್ತು ಪ್ರೋಟೀನನ್ನು ಒಡೆದು ಸಕ್ಕರೆ ಮಾಡಿಕೊಡುತ್ತದೆ. ದಿನ ಕಳೆದಂತೆ ಮಿದುಳು ಕೊಬ್ಬಿನಿಂದ ಹುಟ್ಟುವ ಕೀಟೋನುಗಳಿಗೆ ಸ್ವಲ್ಪಮಟ್ಟಿಗೆ ಒಗ್ಗಿಕೊಳ್ಳುತ್ತದೆ ಎಂಬುದೂ ನಿಜವೇ. ಆದರೆ ಒಟ್ಟು ಆದಾಯವೇ ಸಾಲದಿದ್ದಾಗ, ಸ್ನಾಯು ಬೆಳೆಸಲೆಂದು ದುಬಾರಿ ಬೆಲೆ ಕೊಟ್ಟು ತಂದ ಆ ಪುಡಿಯ ಬಹುಪಾಲು ಒಲೆಗೆ ಸೌದೆಯಾಗಿ ಹೋಗುತ್ತದೆ. ತೇಗದ ಮರ ತಂದು ನೀರು ಕಾಯಿಸಿದ ಹಾಗಾಯಿತು. ಮೊದಲು ಸೌದೆ ಸಾಕಷ್ಟಿರಲಿ, ಆಮೇಲೆ ಮರಗೆಲಸ. ತರಬೇತುದಾರರು ಬೇರೆಲ್ಲವನ್ನೂ ಮರೆತರೂ ಇದೊಂದನ್ನು ಮರೆಯಬಾರದೆಂದು ನನ್ನ ಕೋರಿಕೆ.

ಅನ್ನ ತಿಂದರೆ ಮೈ ಕಟ್ಟುವುದಿಲ್ಲವೆಂಬ ಮಾತನ್ನು ಈ ಕಲ್ಕತ್ತೆಯಲ್ಲಿ ನಿಂತು ಆಡುವವರನ್ನು ಕಂಡರೆ ನನಗೆ ಆಶ್ಚರ್ಯ. ೧೯೫೧ರಲ್ಲಿ ಮನತೋಷ್ ರಾಯ್, ೧೯೫೨ರಲ್ಲಿ ಮನೋಹರ್ ಐಚ್, ಇಬ್ಬರು ಬಂಗಾಳಿಗಳು ಲಂಡನ್ನಿನಲ್ಲಿ ತಮ್ಮ ತಮ್ಮ ವರ್ಗಗಳಲ್ಲಿ ಮಿಸ್ಟರ್ ಯೂನಿವರ್ಸ್ ಪ್ರಶಸ್ತಿ ಗೆದ್ದರು. ಐಚ್ ಅವರ ಎತ್ತರ ನಾಲ್ಕು ಅಡಿ ಹನ್ನೊಂದು ಅಂಗುಲ. ಅನ್ನ, ಬೇಳೆ, ಮೀನು, ತರಕಾರಿ, ಹಾಲು, ಇವೇ ಅವರ ಆಹಾರ. ಪಾಂತಾ ಭಾತ್ ಎಂದರೆ ಅವರಿಗೆ ಪ್ರೀತಿ. ಅದು ನಮ್ಮ ತಂಗಳನ್ನವೇ, ರಾತ್ರಿ ನೀರಿನಲ್ಲಿ ನೆನೆಸಿಟ್ಟದ್ದು. ನೂರು ದಾಟಿ ಬಾಳಿ ೨೦೧೬ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಎಲ್ಲರೂ ಐಚ್ ಆಗುವುದಿಲ್ಲ. ಆದರೆ ಅನ್ನ ಅವರಿಗೆ ಅಡ್ಡಿಯಾಗಲಿಲ್ಲವಷ್ಟೆ.

ಹಾಗಾದರೆ ಪ್ರೋಟೀನು ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರ ಪ್ರಕಾರ ಸಾಮಾನ್ಯ ವಯಸ್ಕರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ೦.೮೩ ಗ್ರಾಮು. ಭಾರ ಎತ್ತುವವರಿಗೆ ೧.೨ರಿಂದ ೧.೬ರವರೆಗೆ ಬೇಕಾಗಬಹುದು. ೬೦ ಕಿಲೋ ತೂಕದ, ಮಾಂಸ ಮುಟ್ಟದ ಹುಡುಗನಿಗೆ ೧.೨ರಂತೆ ೭೨ ಗ್ರಾಮು. ಕಾಲು ಕಿಲೋ ಅಕ್ಕಿಯಲ್ಲಿ ೧೯, ಮುಕ್ಕಾಲು ಹಿಡಿಯಂತೆ ಎರಡು ಹೊತ್ತಿಗೆ ೭೫ ಗ್ರಾಮು ತೊಗರಿಬೇಳೆಯಲ್ಲಿ ೧೬, ಅರ್ಧ ಲೀಟರು ಹಾಲಿನಲ್ಲಿ ೧೬, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ೭. ಉಳಿದದ್ದಕ್ಕೆ ರಸ್ತೆಯ ಮೂಲೆಗೆ ಹೋಗಿರಿ. ಅಲ್ಲಿ ಬಿಹಾರದ ಅಣ್ಣ ಹುರಿಗಡಲೆ ಹಿಟ್ಟಿನ ಸತ್ತುವಿಗೆ ಉಪ್ಪು, ನಿಂಬೆಹಣ್ಣು, ಈರುಳ್ಳಿ ಹಾಕಿ ಕಲಸಿ ಕೊಡುತ್ತಾನೆ; ಅದರ ೫೦ ಗ್ರಾಮಿನಲ್ಲಿ ೧೦ರ ಮೇಲಿದೆ. ಒಂದು ಬಟ್ಟಲು ಮೊಸರು ಸೇರಿದರೆ ಲೆಕ್ಕ ಚುಕ್ತಾ. ಅಕ್ಕಿಯಲ್ಲಿ ಕೊರತೆಯಾದ ಲೈಸೀನ್ ಬೇಳೆಯಲ್ಲಿ ಹೇರಳವಾಗಿದೆ. ಬೇಳೆಯಲ್ಲಿ ಕಡಿಮೆಯಾದ ಮೆಥಿಯೊನೀನ್ ಅಕ್ಕಿಯಲ್ಲಿದೆ. ನಮ್ಮ ಬಿಸಿಬೇಳೆ ಬಾತೂ ಬಂಗಾಳಿಗಳ ಖಿಚುಡಿಯೂ ಈ ಸಂಧಾನವನ್ನು ಎಂದೋ ಮಾಡಿ ಮುಗಿಸಿವೆ. ಲೇಕ್ ಮಾರ್ಕೆಟ್ಟಿನಲ್ಲಿ ರಾಗಿಹಿಟ್ಟು ಸಿಕ್ಕಿದರೆ ತನ್ನಿರಿ. ಅದರಲ್ಲಿ ಪ್ರೋಟೀನು ಅಕ್ಕಿಗಿಂತ ಹೆಚ್ಚೇನೂ ಇಲ್ಲ, ಹೆಮ್ಮೆ ಬೇಡ. ಆದರೆ ಸುಣ್ಣದ ಅಂಶ ೧೦೦ ಗ್ರಾಮಿಗೆ ೩೦೦ ಮಿಲಿಗ್ರಾಮಿಗೂ ಮೀರಿದೆ. ಡಬ್ಬಿಯ ಪುಡಿ ವಿಷವಲ್ಲ, ಹೆಚ್ಚಿನದು ಹಾಲಿನ ಪ್ರೋಟೀನೇ. ಆದರೂ ಅದೇ ಸಂಸ್ಥೆ ೨೦೨೪ರ ತನ್ನ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಅದರ ಮೊರೆಹೋಗಬೇಡಿರೆಂದಿದೆ.

ಹೆಣ್ಣುಮಕ್ಕಳ ವಿಷಯವನ್ನು ಸಂಕೋಚಪಡದೆ ಹೇಳಬೇಕು. ಬೆಳಗಿನಿಂದ ಬರಿ ಚಹಾ ಕುಡಿದು ಸಂಜೆ ವ್ಯಾಯಾಮಕ್ಕೆ ಬರುವವರಿದ್ದಾರೆ. ಶಕ್ತಿಯ ಕೊರತೆ ತಿಂಗಳುಗಟ್ಟಲೆ ನಡೆದರೆ ದೇಹ ತನಗೆ ತುರ್ತಲ್ಲದ ಇಲಾಖೆಗಳನ್ನು ಮುಚ್ಚುತ್ತ ಹೋಗುತ್ತದೆ. ಮುಟ್ಟು ನಿಲ್ಲುತ್ತದೆ, ಮೂಳೆ ಸೊರಗುತ್ತದೆ. ಅಂತಹವರನ್ನು ಇನ್ನಷ್ಟು ಓಡಿಸುವುದು ತರಬೇತಿಯಲ್ಲ. ಊಟ ಮಾಡಿಸಬೇಕು, ವೈದ್ಯರಲ್ಲಿಗೆ ಕಳುಹಿಸಬೇಕು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ರಕ್ತದ ಒತ್ತಡ ಇರುವವರಿಗೆ ಆಹಾರ ಹೇಳುವ ಕೆಲಸವೂ ನಮ್ಮದಲ್ಲ.

ಈ ಊರಿನ ಜ್ಯೇಷ್ಠ ಆಷಾಢದ ಸೆಕೆ ನಿಮಗೆ ಹೊಸದಲ್ಲ. ಗಂಟೆಗೆ ಒಂದು ಲೀಟರಿನಷ್ಟು ಬೆವರು ಹರಿಯಬಹುದು, ಜೊತೆಗೆ ಉಪ್ಪೂ ಹೋಗುತ್ತದೆ. ೧೯೭೧ರಲ್ಲಿ ಬೊಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಸೂಜಿಯ ಮೂಲಕ ಕೊಡುವ ದ್ರವ ತೀರುತ್ತ ಬರಲಾಗಿ, ಡಾಕ್ಟರ್ ದಿಲೀಪ್ ಮಹಲನಬಿಸ್ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. ಕರುಳಿನಲ್ಲಿ ಸಕ್ಕರೆ ಉಪ್ಪನ್ನು ಕೈಹಿಡಿದು ಒಳಗೆ ಕರೆದೊಯ್ಯುತ್ತದೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಚಿಟಿಕೆ ಉಪ್ಪು ಹಾಕಿದ ನಿಂಬೆಹಣ್ಣಿನ ಪಾನಕದ ಗುಟ್ಟೂ ಇದೇ. ಬಣ್ಣದ ಬಾಟಲಿಗೆ ಹಣ ತೆರಬೇಕಾಗಿಲ್ಲ.

ನಮ್ಮ ಇಬ್ಬರು ತರಬೇತುದಾರ ತರುಣರಿಗೆ ನಾಳೆಯಿಂದಲೇ ಮಾಡಬಹುದಾದ ಒಂದು ಕೆಲಸವಿದೆ. ಹೊಸಬರು ಬಂದಾಗ ತೂಕದ ಜೊತೆಗೆ, ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ತಿಂದಿರೆಂದು ಕೇಳಿ ಬರೆದುಕೊಳ್ಳಿರಿ. ಸಂಘದ ಅಡಿಗೆಮನೆಯ ಚಿಕ್ಕ ತಕ್ಕಡಿ ಬೀರುವಿನಲ್ಲಿದೆ, ಬೀಗದ ಕೈ ಕಾರ್ಯದರ್ಶಿಗಳ ಹತ್ತಿರ. ಮುಂದಿನ ತಿಂಗಳ ಮೊದಲ ಭಾನುವಾರ ಯಾರು ಬೇಕಾದರೂ ತಮ್ಮ ಒಂದು ವಾರದ ಊಟದ ಪಟ್ಟಿ ತಂದರೆ, ಕೂಡಿಸುವ ಕೆಲಸಕ್ಕೆ ನಾನು ಹತ್ತು ಗಂಟೆಯಿಂದ ಇಲ್ಲಿಯೇ ಇರುತ್ತೇನೆ.